ಇಲಿ ಬೆಳಗುತ್ತಿಲ್ಲ: ಕಿಣ್ವವನ್ನು ದೂರುವ ಮೊದಲು ನೋಡಬೇಕಾದದ್ದು

ಗಡ್ಡೆ ಇರುವ ಇಲಿಗೆ ಔಷಧ ಕೊಟ್ಟಿದ್ದೀರಿ. ಗಡ್ಡೆಯ ಜೀವಕೋಶಗಳು ಸಾಯಲು ಶುರುಮಾಡಿದರೆ ಕ್ಯಾಸ್ಪೇಸ್-3 ಎಂಬ ಕಿಣ್ವ ಚುರುಕಾಗಬೇಕು. ಅದು ಚುರುಕಾದರೆ ಬೆಳಕು ಕಾಣಬೇಕು. ಸಬ್‌ಸ್ಟ್ರೇಟ್ (ಕಿಣ್ವ ಕತ್ತರಿಸಿದಾಗ ಬೆಳಕಿಗೆ ದಾರಿಯಾಗುವ ವಸ್ತು) ಚುಚ್ಚಿದ್ದಾಯಿತು, ಇಲಿಯನ್ನು ಕತ್ತಲ ಪೆಟ್ಟಿಗೆಯಲ್ಲಿ ಮಲಗಿಸಿದ್ದಾಯಿತು, ಕ್ಯಾಮೆರಾ ಐದು ನಿಮಿಷ ನೋಡಿದ್ದೂ ಆಯಿತು. ಪರದೆಯ ಮೇಲೆ ಏನೂ ಇಲ್ಲ. ಆಗ ಬಾಯಿಗೆ ಬರುವ ಮೊದಲ ಮಾತು ಒಂದೇ: "ಔಷಧ ಕೆಲಸ ಮಾಡಿಲ್ಲ."

ಆ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ವಿಧಾನದಲ್ಲಿ ನಾವು ಕಿಣ್ವವನ್ನು ನೇರವಾಗಿ ನೋಡುವುದೇ ಇಲ್ಲ. ಕಿಣ್ವ ಬಿಡಿಸಿಕೊಟ್ಟ ಒಂದು ವಸ್ತು ಇನ್ನೊಂದು ಕಿಣ್ವದ ಕೈಗೆ ಸಿಕ್ಕಿ ಉರಿದಾಗ ಬರುವ ಬೆಳಕನ್ನು, ಅದೂ ಚರ್ಮ ದಾಟಿ ಬಂದಷ್ಟನ್ನು ನೋಡುತ್ತೇವೆ. ನಡುವೆ ಎಲ್ಲಿ ಕೊಂಡಿ ಕಳಚಿದರೂ ಚಿತ್ರ ಕಪ್ಪೇ. ಅದಕ್ಕೇ ನಾನು ಹುಡುಕಾಟವನ್ನು ಯಾವಾಗಲೂ ಹಿಂದುಮುಂದಾಗಿ ಮಾಡುತ್ತೇನೆ. ಕ್ಯಾಮೆರಾದಿಂದ ಶುರುಮಾಡಿ ಕಿಣ್ವದ ಕಡೆಗೆ ನಡೆಯುತ್ತೇನೆ. ಕಿಣ್ವ ಕೊನೆಯ ಆರೋಪಿ.

ಬೆಳಕು ಬರುವ ದಾರಿ

ಆ ಇನ್ನೊಂದು ಕಿಣ್ವ ಮಿಂಚುಹುಳದ ಲೂಸಿಫೆರೇಸ್. ಅದು ಬೆಳಗಬೇಕಾದರೆ ಉರಿಯುವ ವಸ್ತುವಾದ ಡಿ-ಲೂಸಿಫೆರಿನ್, ಜೀವಕೋಶದ ಶಕ್ತಿಮೂಲವಾದ ಎಟಿಪಿ, ಮೆಗ್ನೀಸಿಯಂ, ಆಮ್ಲಜನಕ ನಾಲ್ಕೂ ಬೇಕು. ಫೋಟೈನಸ್ ಪೈರಾಲಿಸ್ ಎಂಬ ಮಿಂಚುಹುಳದ ಲೂಸಿಫೆರೇಸ್ ಜೀನನ್ನು 1985ರಲ್ಲಿ ಬೇರ್ಪಡಿಸಿದ ಮೇಲೆ ಅದನ್ನು ಬೇರೆ ಜೀವಕೋಶಗಳಿಗೆ ಸೇರಿಸುವುದು ಸಾಧ್ಯವಾಯಿತು. ನಮ್ಮ ಗಡ್ಡೆಯ ಜೀವಕೋಶಗಳಲ್ಲಿ ಇರುವುದೂ ಅದೇ ಜೀನು.

ಇನ್ನು ಕಿಣ್ವದ ಚಟುವಟಿಕೆ ನೋಡಲು ಒಂದು ಉಪಾಯವಿದೆ. ಲೂಸಿಫೆರಿನ್ ಅಣುವಿನ ಒಂದು ತುದಿಗೆ ಬೀಗ ಹಾಕುತ್ತಾರೆ. ಲ್ಯಾಬಿನಲ್ಲಿ ಇದನ್ನು ಕೇಜ್ಡ್ ಲೂಸಿಫೆರಿನ್ ಅಂತಲೇ ಕರೆಯುತ್ತಾರೆ. ಬೀಗ ಇರುವವರೆಗೆ ಲೂಸಿಫೆರೇಸ್ ಅದನ್ನು ಉರಿಸಲಾರದು. ಕ್ಯಾಸ್ಪೇಸ್‌ಗಾದರೆ ಅಮೈನೋಲೂಸಿಫೆರಿನ್‌ಗೆ ಡಿಇವಿಡಿ ಎಂಬ ನಾಲ್ಕು ಅಮೈನೋ ಆಮ್ಲಗಳ ಬಾಲ ಅಂಟಿಸುತ್ತಾರೆ. ಬೀಟಾ-ಗ್ಯಾಲಕ್ಟೊಸಿಡೇಸ್‌ಗಾದರೆ ಗ್ಯಾಲಕ್ಟೋಸ್ ಸಕ್ಕರೆ. ಕಿಣ್ವ ಬಂದು ಬೀಗ ಕತ್ತರಿಸಿದರೆ ಲೂಸಿಫೆರಿನ್ ಬಿಡುಗಡೆಯಾಗುತ್ತದೆ, ಬೆಳಕು ಬರುತ್ತದೆ.

ಇದರಲ್ಲಿ ಅಡಗಿರುವ ಒಂದು ಷರತ್ತನ್ನು ತುಂಬ ಜನ ಮರೆಯುತ್ತಾರೆ. ಲೂಸಿಫೆರೇಸ್ ಧಾರಾಳವಾಗಿರಬೇಕು, ಲೂಸಿಫೆರಿನ್‌ಗೆ ಮಾತ್ರ ಬರ ಇರಬೇಕು. ಆಗ ಮಾತ್ರ ಬೆಳಕಿನ ಏರಿಳಿತ ನಮ್ಮ ಕಿಣ್ವದ ಏರಿಳಿತವಾಗುತ್ತದೆ. ಲೂಸಿಫೆರೇಸ್ಸೇ ಕಡಿಮೆಯಿದ್ದರೆ ನೀವು ಅಳೆಯುತ್ತಿರುವುದು ಲೂಸಿಫೆರೇಸನ್ನು. ಕ್ಯಾಸ್ಪೇಸನ್ನಲ್ಲ.

ಮೊದಲು ಒಂದೇ ಒಂದು ಪರೀಕ್ಷೆ

ಬೀಗ ಹಾಕಿದ ಸಬ್‌ಸ್ಟ್ರೇಟ್‌ನಲ್ಲಿ ಚಿತ್ರ ಸರಿಬರಲಿಲ್ಲವೇ? ಒಂದು ದಿನ ಬಿಡಿ. ಅದೇ ಇಲಿಗೆ ಬೀಗವಿಲ್ಲದ ಡಿ-ಲೂಸಿಫೆರಿನ್ ಕೊಟ್ಟು ಚಿತ್ರ ತೆಗೆಯಿರಿ. ಈ ಒಂದು ಚಿತ್ರ ಅರ್ಧ ಗೊಂದಲವನ್ನು ಕಡಿಮೆ ಮಾಡುತ್ತದೆ.

ಇದೂ ಕಪ್ಪಾಗಿದ್ದರೆ ತೊಂದರೆ ನಿಮ್ಮ ಕಿಣ್ವಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಕ್ಯಾಮೆರಾ, ಚುಚ್ಚುಮದ್ದು, ಜೀವಕೋಶ, ಈ ಮೂರರಲ್ಲಿ ಒಂದು. ಇದು ಜೋರಾಗಿ ಬೆಳಗಿ, ಬೀಗದ್ದು ಮಾತ್ರ ಕಪ್ಪಾಗಿದ್ದರೆ ಬೀಗ ತೆರೆಯುವ ಹಂತದಲ್ಲಿ ಏನೋ ಆಗಿದೆ. ಎರಡೂ ಬೆಳಗಿ, ಔಷಧ ಕೊಡದ ಕಂಟ್ರೋಲ್ ಇಲಿಯೂ ಅಷ್ಟೇ ಬೆಳಗುತ್ತಿದ್ದರೆ ಹಿನ್ನೆಲೆ ಬೆಳಕಿನ ಸಮಸ್ಯೆ. ಮೂರಕ್ಕೂ ದಾರಿ ಬೇರೆ ಬೇರೆ.

ಒಂದು ದಿನದ ಅಂತರ ಯಾಕೆ ಅಂದರೆ, ಮೊದಲ ಚುಚ್ಚುಮದ್ದಿನ ಲೂಸಿಫೆರಿನ್ ಮೈಯಲ್ಲಿ ಉಳಿದಿದ್ದರೆ ಎರಡನೆಯ ಚಿತ್ರಕ್ಕೆ ಅರ್ಥವಿಲ್ಲ. ಬೀಗವಿಲ್ಲದ್ದನ್ನು ಮೊದಲು ಕೊಟ್ಟು ಅದೇ ಮಧ್ಯಾಹ್ನ ಬೀಗದ್ದನ್ನು ಕೊಟ್ಟು "ಅಬ್ಬಾ, ಎಂಥ ಕ್ಯಾಸ್ಪೇಸ್!" ಎಂದು ಖುಷಿಪಟ್ಟವರನ್ನು ಕಂಡಿದ್ದೇನೆ.

ಎರಡೂ ಕಪ್ಪು: ಪೆಟ್ಟಿಗೆಯಿಂದ ಶುರುಮಾಡಿ

ಇಲಿಯನ್ನು ಪಂಜರದಲ್ಲೇ ಬಿಡಿ. ಬಾವಿಗಳಿರುವ ಕಪ್ಪು ಪ್ಲೇಟಿನಲ್ಲಿ ನಿಮ್ಮ ಲೂಸಿಫೆರೇಸ್ ಜೀವಕೋಶಗಳನ್ನು ಸಾವಿರದಿಂದ ಲಕ್ಷದವರೆಗೆ ಹತ್ತು ಹತ್ತು ಪಟ್ಟಿನ ಮೆಟ್ಟಿಲಲ್ಲಿ ಹಾಕಿ. ಲೂಸಿಫೆರಿನ್ ಸೇರಿಸಿ, ಅದೇ ಕ್ಯಾಮೆರಾದಲ್ಲಿ ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಏರಿದರೆ ಕ್ಯಾಮೆರಾ, ಲೂಸಿಫೆರಿನ್, ಜೀವಕೋಶ ಮೂರೂ ಚೆನ್ನಾಗಿವೆ. ಉಳಿದದ್ದು ಇಲಿ ಮತ್ತು ಸೂಜಿ.

ಏರದಿದ್ದರೆ ಮೊದಲು ಕ್ಯಾಮೆರಾದ ತಾಪಮಾನ ನೋಡಿ. ಈ ಕೆಲಸದಲ್ಲಿ ಬೆಳಕು ಹಿಡಿಯುವ ಸಿಸಿಡಿ ಚಿಪ್ಪನ್ನು ಮೈನಸ್ 90 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿಡುತ್ತಾರೆ. ಅದು ತಣ್ಣಗಾಗುವ ಮೊದಲೇ ಚಿತ್ರ ತೆಗೆದರೆ ಚಿಪ್ಪಿನ ಸ್ವಂತ ಗದ್ದಲದಲ್ಲಿ ಇಲಿಯ ಬೆಳಕು ಮುಳುಗಿಹೋಗುತ್ತದೆ. ಆಮೇಲೆ ಲೆನ್ಸಿನ ಬಾಯಿ ಪೂರ್ತಿ ತೆರೆದಿದೆಯೇ, ಹಿಂದಿನವರು ಯಾವುದಾದರೂ ಫಿಲ್ಟರ್ ಹಾಕಿ ಹಾಗೇ ಬಿಟ್ಟುಹೋಗಿದ್ದಾರೆಯೇ ನೋಡಿ. ಬೆಳಕು ತೀರಾ ಕಡಿಮೆ ಅನ್ನಿಸಿದರೆ ಬಿನ್ನಿಂಗ್ ಹೆಚ್ಚಿಸಿ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಟ್ಟು ಸೇರಿಸಿದಾಗ ಚಿತ್ರದ ನಯ ಹೋಗುತ್ತದೆ, ಆದರೆ ಮಂದ ಬೆಳಕು ಕಾಣಸಿಗುತ್ತದೆ.

ಕ್ಯಾಮೆರಾ ಸರಿಯಿದ್ದರೆ ಲೂಸಿಫೆರಿನ್ ಸೀಸೆ. ಈ ವಸ್ತುವಿಗೆ ಬೆಳಕೂ ಆಗದು, ಗಾಳಿಯೂ ಆಗದು. ಕರಗಿಸಿದ್ದನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20 ಡಿಗ್ರಿಯಲ್ಲಿ ಅಥವಾ ಇನ್ನೂ ತಣ್ಣಗೆ ಕತ್ತಲಲ್ಲಿ ಇಡಬೇಕು. ಒಂದೇ ಸೀಸೆಯನ್ನು ದಿನವೂ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು ಬೇಡ. ದ್ರಾವಣದಲ್ಲಿ ಕ್ಷಾರ ಜಾಸ್ತಿಯಾದರೆ ಡಿ ರೂಪ ನಿಧಾನವಾಗಿ ಅದರ ಕನ್ನಡಿ ಬಿಂಬದಂಥ, ಸರಿಯಾಗಿ ಬೆಳಗದ ಎಲ್ ರೂಪಕ್ಕೆ ಹೊರಳುತ್ತದೆ. ಗಾಳಿ ತಗುಲಿದರೆ ಡಿಹೈಡ್ರೋಲೂಸಿಫೆರಿನ್ ಆಗುತ್ತದೆ. ಇದು ಸುಮ್ನೆ ಬೆಳಗದೆ ಕೂತರೆ ಪರವಾಗಿಲ್ಲ, ಆದರೆ ಲೂಸಿಫೆರೇಸನ್ನು ಹಿಡಿದು ತಡೆಯುತ್ತದೆ. ಅಂದರೆ ಹಳೆಯ ಸೀಸೆ ದುರ್ಬಲವಾದ ಸೀಸೆಯಷ್ಟೇ ಅಲ್ಲ, ಅಡ್ಡಗಾಲು ಹಾಕುವ ಸೀಸೆ. ಡೋಸ್ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ, ಹೊಸದು ಮಾಡಿಕೊಳ್ಳಿ.

ಸೂಜಿಯ ತಪ್ಪು

ಚಾಲ್ತಿಯಲ್ಲಿರುವ ಡೋಸ್ ಒಂದು ಕಿಲೋ ತೂಕಕ್ಕೆ 150 ಮಿ.ಗ್ರಾಂ. ಒಂದು ಮಿ.ಲೀ.ಗೆ 15 ಮಿ.ಗ್ರಾಂ ಇರುವ ದ್ರಾವಣವಾದರೆ, ಪ್ರತಿ ಗ್ರಾಂ ತೂಕಕ್ಕೆ 10 ಮೈಕ್ರೋಲೀಟರ್. 20 ಗ್ರಾಂ ಇಲಿಗೆ 200 ಮೈಕ್ರೋಲೀಟರ್, ಅಂದರೆ 3 ಮಿ.ಗ್ರಾಂ. ಈ ಲೆಕ್ಕ ಸುಲಭ. ಆದರೂ ಎಲ್ಲ ಇಲಿಗೂ ಒಂದೇ 200 ಚುಚ್ಚಿ, 18 ಗ್ರಾಮಿನ ಇಲಿ ಮತ್ತು 26 ಗ್ರಾಮಿನ ಇಲಿಯನ್ನು ಹೋಲಿಸುವವರಿದ್ದಾರೆ. ಈ ಡೋಸಿನಲ್ಲೂ ಅಂಗಾಂಶದೊಳಗಿನ ಲೂಸಿಫೆರಿನ್ ಲೂಸಿಫೆರೇಸನ್ನು ಪೂರ್ತಿ ತಣಿಸುವಷ್ಟು ಇರುವುದಿಲ್ಲ. ಹಾಗಾಗಿ ಡೋಸಿನ ವ್ಯತ್ಯಾಸ ನೇರವಾಗಿ ಬೆಳಕಿನಲ್ಲಿ ಕಾಣುತ್ತದೆ.

ಹೊಟ್ಟೆಯ ಪೊರೆಯೊಳಗೆ ಚುಚ್ಚುವಾಗ ಸೂಜಿ ಕರುಳಿಗೋ ಕೊಬ್ಬಿಗೋ ಮೂತ್ರಕೋಶಕ್ಕೋ ಹೋಗುವುದು ಅನುಭವಿಗಳ ಕೈಯಲ್ಲೂ ನಡೆಯುತ್ತದೆ. ಗುರುತಿಸುವುದು ಹೇಗೆ? ಗುಂಪಿನಲ್ಲಿ ಒಂದೇ ಇಲಿ ಕಪ್ಪಾಗಿ ಉಳಿದವೆಲ್ಲ ಚೆನ್ನಾಗಿದ್ದರೆ, ಮೊದಲ ಅನುಮಾನ ಸೂಜಿಯ ಮೇಲೆ. ಮರುದಿನ ಮತ್ತೆ ಚುಚ್ಚಿ ನೋಡಿದಾಗ ಅದೇ ಇಲಿ ಬೆಳಗಿದರೆ ಅನುಮಾನ ನಿಜ. ಪದೇಪದೇ ಹೀಗಾಗುತ್ತಿದ್ದರೆ ಚರ್ಮದ ಕೆಳಗೆ ಚುಚ್ಚುವ ವಿಧಾನಕ್ಕೆ ಬದಲಾಯಿಸಿ. ಬೆಳಕು ಸ್ವಲ್ಪ ತಡವಾಗಿ ಏರಬಹುದು, ಆದರೆ ತಪ್ಪು ಕಡಿಮೆ. ಅಧ್ಯಯನದ ನಡುವೆ ಮಾತ್ರ ಬದಲಾಯಿಸಬೇಡಿ. ಅರ್ಧ ಲೆಕ್ಕ ಹಾಗೆ, ಅರ್ಧ ಲೆಕ್ಕ ಹೀಗೆ ಆಗಿಬಿಡುತ್ತದೆ.

ಸಮಯದ ಮಾತೂ ಇಲ್ಲೇ ಬರುತ್ತದೆ. ಡಿ-ಲೂಸಿಫೆರಿನ್ ಚುಚ್ಚಿದ ಮೇಲೆ ಬೆಳಕು ಸಾಮಾನ್ಯವಾಗಿ 10ರಿಂದ 20 ನಿಮಿಷದೊಳಗೆ ತುದಿಗೆ ಏರಿ ಇಳಿಯುತ್ತದೆ. ನಿಮ್ಮ ಇಲಿ, ನಿಮ್ಮ ಗಡ್ಡೆಯಲ್ಲಿ ಅದು ಎಷ್ಟು ಎಂದು ಒಮ್ಮೆಯಾದರೂ ಅಳೆಯಿರಿ. ಎರಡು ನಿಮಿಷಕ್ಕೊಂದರಂತೆ 40 ನಿಮಿಷ ಚಿತ್ರ ತೆಗೆದು ಗೆರೆ ಎಳೆದರೆ ಸಾಕು. ಎಚ್ಚರವಿರುವ ಇಲಿಗೆ ಚುಚ್ಚಿ ಆಮೇಲೆ ಅರಿವಳಿಕೆ ಕೊಡುವುದಕ್ಕೂ, ಮೊದಲು ಅರಿವಳಿಕೆ ಕೊಟ್ಟು ಆಮೇಲೆ ಚುಚ್ಚುವುದಕ್ಕೂ ಗೆರೆ ಬೇರೆ ಬರುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.

ಜೀವಕೋಶ ಬೆಳಕನ್ನು ಮರೆತಾಗ

ಪ್ಲೇಟಿನಲ್ಲಿ ಬೆಳಗುವ ಜೀವಕೋಶ ಇಲಿಯೊಳಗೆ ಮೂರು ವಾರ ಕಳೆದ ಮೇಲೆ ಬೆಳಗದಿರಬಹುದು. ಲೂಸಿಫೆರೇಸ್ ಜೀನಿನ ಮುಂದಿದ್ದು ಅದನ್ನು ಚಾಲೂ ಮಾಡುವ ಪ್ರಮೋಟರ್ ಕಾಲಕ್ರಮೇಣ ಮೌನವಾಗುವುದುಂಟು. ವೈರಸ್ಸಿನಿಂದ ತಂದ ಪ್ರಮೋಟರುಗಳಿಗೆ ಈ ಚಾಳಿ ಜಾಸ್ತಿ. ರೋಗನಿರೋಧಕ ಶಕ್ತಿ ಪೂರ್ತಿ ಇರುವ ಇಲಿಯಾದರೆ ಲೂಸಿಫೆರೇಸನ್ನು ಪರಕೀಯ ಎಂದು ಗುರುತಿಸಿ ಅದಿರುವ ಜೀವಕೋಶಗಳನ್ನೇ ಆರಿಸಿ ಕೊಲ್ಲಬಹುದು. ಕ್ಯಾಲಿಪರ್‌ನಲ್ಲಿ ಗಡ್ಡೆ ಬೆಳೆಯುತ್ತಿದೆ, ಬೀಗವಿಲ್ಲದ ಲೂಸಿಫೆರಿನ್‌ನಲ್ಲಿ ಬೆಳಕು ಇಳಿಯುತ್ತಿದೆ ಎಂದಾದರೆ ಈ ಎರಡನ್ನು ಯೋಚಿಸಿ.

ಮೂರನೆಯದೂ ಒಂದಿದೆ. ದೊಡ್ಡ ಗಡ್ಡೆಯ ಒಳಗೆ ರಕ್ತ ತಲುಪುವುದಿಲ್ಲ. ಆಮ್ಲಜನಕ ಇಲ್ಲ, ಎಟಿಪಿ ಇಲ್ಲ, ಲೂಸಿಫೆರಿನ್ ಕೂಡ ತಲುಪುವುದಿಲ್ಲ. ಅಂಚು ಬೆಳಗಿ ನಡು ಕಪ್ಪಾಗಿರುವ ಬಳೆಯಂಥ ಚಿತ್ರ ಬಂದರೆ ಅದೇ ಕಾರಣ. ಗಡ್ಡೆಯ ಮೇಲೆ ಹುಣ್ಣಾಗಿ ಕಪ್ಪು ಹಕ್ಕಳೆ ಕಟ್ಟಿದ್ದರೂ ಚಿತ್ರ ಹಾಗೇ ಕಾಣುತ್ತದೆ, ಆದ್ದರಿಂದ ಬೆಳಕಿನ ಚಿತ್ರದ ಜೊತೆ ಮಾಮೂಲಿ ಫೋಟೋವನ್ನೂ ನೋಡಿ.

ಬೀಗವಿಲ್ಲದ್ದು ಬೆಳಗುತ್ತದೆ, ಬೀಗದ್ದು ಇಲ್ಲ

ಇದೇ ನಿಜವಾದ ತಲೆನೋವು. ಇಲ್ಲೂ ಇಲಿ ಮುಟ್ಟುವ ಮೊದಲು ಟ್ಯೂಬಿನಲ್ಲಿ ಕೆಲಸ ಮುಗಿಸಿ. ಶುದ್ಧ ಕ್ಯಾಸ್ಪೇಸ್-3, ಬೀಗದ ಸಬ್‌ಸ್ಟ್ರೇಟ್, ಲೂಸಿಫೆರೇಸ್, ಎಟಿಪಿ, ಮೆಗ್ನೀಸಿಯಂ ಒಟ್ಟಿಗೆ ಹಾಕಿ. ಪಕ್ಕದ ಬಾವಿಯಲ್ಲಿ ಕ್ಯಾಸ್ಪೇಸ್ ಬಿಟ್ಟು ಉಳಿದದ್ದೆಲ್ಲ. ಮೊದಲನೆಯದು ಬೆಳಗಿ ಎರಡನೆಯದು ಬೆಳಗದಿದ್ದರೆ ಸಬ್‌ಸ್ಟ್ರೇಟ್ ಸರಿಯಿದೆ. ಎರಡೂ ಕಪ್ಪಾದರೆ ಸೀಸೆ ಎಸೆಯಿರಿ. ಎರಡೂ ಬೆಳಗಿದರೆ, ಆ ಕಥೆ ಮುಂದೆ ಬರುತ್ತದೆ.

ಸಬ್‌ಸ್ಟ್ರೇಟ್ ಸರಿಯಿದ್ದೂ ಇಲಿ ಕಪ್ಪಾಗಿದ್ದರೆ, ನನ್ನ ಅನುಭವದಲ್ಲಿ ಬಹುತೇಕ ಸಲ ಅದು ಗಡಿಯಾರದ ತಪ್ಪು. ಕ್ಯಾಸ್ಪೇಸ್ ಚಟುವಟಿಕೆ ಒಂದು ಅಲೆ. ಔಷಧಕ್ಕೆ ತಕ್ಕಂತೆ ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಏರುತ್ತದೆ, ಆಮೇಲೆ ಇಳಿಯುತ್ತದೆ. ಇದರೊಳಗೆ ಒಂದು ವಿಪರ್ಯಾಸ ಬೇರೆ ಇದೆ. ಕ್ಯಾಸ್ಪೇಸ್-3 ಕೆಲಸ ಶುರುಮಾಡುವುದೇ ಜೀವಕೋಶವನ್ನು ಕೊಲ್ಲಲು. ಸಾಯುತ್ತಿರುವ ಜೀವಕೋಶದಲ್ಲಿ ಎಟಿಪಿ ಕರಗುತ್ತದೆ, ಪೊರೆ ಹರಿದರೆ ಲೂಸಿಫೆರೇಸ್ ಸೋರಿಹೋಗುತ್ತದೆ. ಹೊಸ ಲೂಸಿಫೆರೇಸ್ ತಯಾರಾಗುವುದಿಲ್ಲ. ಹಳೆಯದರ ಅರ್ಧಾಯುಷ್ಯ 37 ಡಿಗ್ರಿಯಲ್ಲಿ ಸುಮಾರು 3 ಗಂಟೆ ಮಾತ್ರ. ನಾವು ಸಾವನ್ನು ಅಳೆಯಲು ಹೊರಟಿದ್ದೇವೆ, ಆದರೆ ದೀಪ ಇರುವುದು ಸಾಯುವವನ ಕೈಯಲ್ಲಿ! ಔಷಧ ತುಂಬ ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ಚಿತ್ರ ಕಪ್ಪಾಗಿರಬಹುದು.

ಅದಕ್ಕೆ ಎರಡು ಕೆಲಸ ಮಾಡಿ. ಒಂದು, ಔಷಧ ಕೊಟ್ಟ ಮೇಲೆ ಒಂದೇ ಹೊತ್ತಿನಲ್ಲಿ ನೋಡಿ ತೀರ್ಮಾನಿಸಬೇಡಿ. ಮೊದಲು ಪ್ಲೇಟಿನ ಜೀವಕೋಶಗಳಲ್ಲಿ ಅಲೆ ಯಾವಾಗ ಏರುತ್ತದೆ ನೋಡಿಕೊಂಡು, ಇಲಿಯಲ್ಲಿ ಅದರ ಆಸುಪಾಸಿನ ಮೂರು ನಾಲ್ಕು ಹೊತ್ತುಗಳನ್ನು ಆರಿಸಿ. ಎರಡು, ಬೀಗದ ಬೆಳಕನ್ನು ಒಂಟಿಯಾಗಿ ವರದಿ ಮಾಡಬೇಡಿ. ಔಷಧಕ್ಕೆ ಮುಂಚೆ ಬೀಗವಿಲ್ಲದ ಚಿತ್ರ, ಮುಗಿದ ಮರುದಿನ ಇನ್ನೊಂದು. ಬೀಗದ ಬೆಳಕನ್ನು ಬೀಗವಿಲ್ಲದ ಬೆಳಕಿನಿಂದ ಭಾಗಿಸಿ. ಬೀಗವಿಲ್ಲದ್ದು 100ರಿಂದ 40ಕ್ಕೆ ಇಳಿದು ಬೀಗದ್ದು 10ರಲ್ಲೇ ನಿಂತಿದ್ದರೆ "ಏನೂ ಬದಲಾಗಿಲ್ಲ" ಅಲ್ಲ, ಉಳಿದ ಜೀವಕೋಶಗಳಲ್ಲಿ ಚಟುವಟಿಕೆ ಎರಡೂವರೆ ಪಟ್ಟಾಗಿದೆ. ಇಡೀ ಕೈಪಿಡಿಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಈ ಭಾಗಾಕಾರವನ್ನೇ ಇಟ್ಟುಕೊಳ್ಳಿ.

ಭಾಗಾಕಾರದಲ್ಲೂ ಒಂದು ಸೂಕ್ಷ್ಮವಿದೆ. ಡಿಇವಿಡಿ ಬೀಗ ತೆರೆದಾಗ ಹೊರಬರುವುದು ಡಿ-ಲೂಸಿಫೆರಿನ್ ಅಲ್ಲ, ಅಮೈನೋಲೂಸಿಫೆರಿನ್. ಇದು ಲೂಸಿಫೆರೇಸನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಆದರೆ ಗರಿಷ್ಠ ಬೆಳಕು ಕಡಿಮೆ. ಬಣ್ಣವೂ ಸ್ವಲ್ಪ ಕೆಂಪಿನ ಕಡೆ. ಆದ್ದರಿಂದ ಸಾಧ್ಯವಾದರೆ ಹೋಲಿಕೆಗೆ ಬೀಗವಿಲ್ಲದ ಅಮೈನೋಲೂಸಿಫೆರಿನ್ ಬಳಸಿ. ಆಗದಿದ್ದರೆ ಡಿ-ಲೂಸಿಫೆರಿನ್ ಬಳಸಿ, ಆದರೆ ಎಲ್ಲ ಇಲಿಗೂ ಅದನ್ನೇ ಬಳಸಿ.

ಇನ್ನುಳಿದ ಕಾರಣಗಳು ಚಿಕ್ಕವು. ಪೆಪ್ಟೈಡ್ ಬಾಲವಿರುವ ಸಬ್‌ಸ್ಟ್ರೇಟ್ ದಪ್ಪ ಅಣು, ಜೀವಕೋಶದೊಳಗೆ ನಿಧಾನವಾಗಿ ನುಗ್ಗುತ್ತದೆ. ಡಿ-ಲೂಸಿಫೆರಿನ್‌ಗೆ ಗೊತ್ತಾದ 15 ನಿಮಿಷವನ್ನೇ ಇದಕ್ಕೂ ಹಾಕಿದರೆ ಬೆಟ್ಟದ ಬುಡದಲ್ಲೇ ಚಿತ್ರ ತೆಗೆದಂತಾಗುತ್ತದೆ. ಇದಕ್ಕೆ ಬೇರೆಯೇ ಗೆರೆ ಎಳೆಯಿರಿ, ತುದಿಯ ಒಂದು ಬಿಂದುವಿಗಿಂತ ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನು ದ್ರಾವಣ ಮಬ್ಬಾಗಿದ್ದರೆ ಸಬ್‌ಸ್ಟ್ರೇಟ್ ಪೂರ್ತಿ ಕರಗಿಲ್ಲ. ಅದನ್ನು ಚುಚ್ಚಲೇಬೇಡಿ.

ಬೆಳಕಿದೆ, ಆದರೆ ಇರಬಾರದ ಕಡೆ

ಕಂಟ್ರೋಲ್ ಇಲಿಯ ಗಡ್ಡೆಯೂ ಬೀಗದ ಸಬ್‌ಸ್ಟ್ರೇಟ್‌ಗೆ ಬೆಳಗುತ್ತಿದೆ ಎಂದುಕೊಳ್ಳಿ. ಮೊದಲ ಅನುಮಾನ ಕಲಬೆರಕೆ. ಲೂಸಿಫೆರೇಸ್ ಎಷ್ಟು ಸೂಕ್ಷ್ಮವೆಂದರೆ, ಬೀಗದ ಪುಡಿಯಲ್ಲಿ ಬೀಗವಿಲ್ಲದ ಲೂಸಿಫೆರಿನ್ ಚಿಟಿಕೆಯಷ್ಟು ಉಳಿದಿದ್ದರೂ ಅದು ಹಿನ್ನೆಲೆಯಾಗಿ ಕಾಣುತ್ತದೆ. ಹಿಂದೆ ಹೇಳಿದ ಟ್ಯೂಬಿನ ಪರೀಕ್ಷೆಯಲ್ಲಿ ಕ್ಯಾಸ್ಪೇಸ್ ಇಲ್ಲದ ಬಾವಿ ಹಾಕಿದ ಕೂಡಲೇ ಬೆಳಗಿ ಬೇಗ ಆರಿಹೋದರೆ ಕಲಬೆರಕೆ ಎಂದರ್ಥ, ಇದ್ದಷ್ಟು ಉರಿದು ಮುಗಿಯಿತು. ನಿಧಾನವಾಗಿ ಏರುತ್ತಲೇ ಇದ್ದರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತಿದೆ.

ಕಲಬೆರಕೆ ಇಲ್ಲದಿದ್ದರೆ ಬೇರೆ ಕಿಣ್ವ ಬೀಗ ಕತ್ತರಿಸುತ್ತಿರಬಹುದು. ಡಿಇವಿಡಿ ಬರೀ ಕ್ಯಾಸ್ಪೇಸ್-3ರ ಸ್ವತ್ತಲ್ಲ. ಕ್ಯಾಸ್ಪೇಸ್-7 ಕೂಡ ಅಷ್ಟೇ ಸಲೀಸಾಗಿ ಕತ್ತರಿಸುತ್ತದೆ. ಅದಕ್ಕೇ ಪ್ರಾಮಾಣಿಕರು "ಕ್ಯಾಸ್ಪೇಸ್-3/7" ಎಂದು ಬರೆಯುತ್ತಾರೆ. ಇದನ್ನು ಪರೀಕ್ಷಿಸಲು ತಡೆವಸ್ತು ಬೇಕು. ಪ್ಲೇಟಿನಲ್ಲಿ ಝಡ್-ವ್ಯಾಡ್-ಎಫ್‌ಎಂಕೆಯಂಥ ಕ್ಯಾಸ್ಪೇಸ್ ತಡೆವಸ್ತು ಹಾಕಿದಾಗ ಎಷ್ಟು ಬೆಳಕು ಇಳಿಯುತ್ತದೋ ಅಷ್ಟು ಮಾತ್ರ ಕ್ಯಾಸ್ಪೇಸ್‌ಗಳದ್ದು. ಉಳಿದದ್ದಕ್ಕೆ ಅವುಗಳ ಹೆಸರು ಹಚ್ಚಬೇಡಿ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ. ಬೀಗ ಕತ್ತರಿಸಿದ ಜಾಗ ಮತ್ತು ಬೆಳಗಿದ ಜಾಗ ಒಂದೇ ಆಗಿರಬೇಕಿಲ್ಲ. ಬಿಡುಗಡೆಯಾದ ಲೂಸಿಫೆರಿನ್ ಜೀವಕೋಶದಿಂದ ಹೊರಗೆ ಜಾರುತ್ತದೆ, ರಕ್ತದಲ್ಲಿ ಓಡಾಡುತ್ತದೆ. ಎಲ್ಲಿ ಲೂಸಿಫೆರೇಸ್ ಸಿಗುತ್ತದೋ ಅಲ್ಲಿ ಉರಿಯುತ್ತದೆ. ಯಕೃತ್ತಿನಲ್ಲಿ ಬಿಚ್ಚಿದ ಬೀಗ ಗಡ್ಡೆಯಲ್ಲಿ ದೀಪ ಹಚ್ಚಬಹುದು. ಬೆಳಕು ಹೇಳುವುದು ಲೂಸಿಫೆರೇಸ್ ಎಲ್ಲಿದೆ ಎಂದು. ಕಿಣ್ವ ಎಲ್ಲಿದೆ ಎಂಬುದನ್ನು ನೀವು ಊಹಿಸುತ್ತಿದ್ದೀರಿ, ಅಷ್ಟೇ. ಊಹೆ ಗಟ್ಟಿಯಾಗಬೇಕಾದರೆ ಇನ್ನೊಂದು ಗುಂಪು ಬೇಕು: ಅದೇ ಲೂಸಿಫೆರೇಸ್ ಇರುವ, ಆದರೆ ನಿಮ್ಮ ಕಿಣ್ವ ಇಲ್ಲದ ಗಡ್ಡೆ. ಅದೂ ಬೆಳಗಿದರೆ ಬೀಗ ಬಿಚ್ಚಿದ್ದು ಬೇರೆಲ್ಲೋ.

ಇಲಿಯ ಹೊರಗೇ ಬೆಳಕು ಕಂಡರೆ? ಒಮ್ಮೆ ಎರಡು ದಿನ ಒಂದು ಬೆಳಕಿನ ಪಟ್ಟಿಯ ಹಿಂದೆ ಬಿದ್ದಿದ್ದೆ. ಪ್ರತಿ ಚಿತ್ರದಲ್ಲೂ ಇಲಿಯ ಕಾಲಿನ ಪಕ್ಕ ನೇರ ಗೆರೆ. ಕೊನೆಗೆ ನೋಡಿದರೆ ಕಾಲು ಅಲುಗಾಡದಂತೆ ಹಚ್ಚಿದ್ದ ಅಂಟುಪಟ್ಟಿ. ಕೋಣೆಯ ದೀಪದ ಬೆಳಕನ್ನು ಕುಡಿದು ಕತ್ತಲಲ್ಲಿ ಮೆಲ್ಲಗೆ ಉಗುಳುತ್ತಿತ್ತು. ಕಾಗದ, ಕೆಲವು ಪ್ಲಾಸ್ಟಿಕ್, ಮಾರ್ಕರ್ ಶಾಯಿ ಎಲ್ಲಕ್ಕೂ ಈ ಗುಣವಿದೆ. ಇಲಿಯಿಲ್ಲದೆ, ಉಳಿದ ಸಾಮಾನೆಲ್ಲ ಇಟ್ಟು, ಅದೇ ಎಕ್ಸ್‌ಪೋಶರ್‌ನಲ್ಲಿ ಖಾಲಿ ಚಿತ್ರ ತೆಗೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಬಾಗಿಲಿನ ಸಂದಿಯಿಂದ ಬೆಳಕು ಸೋರುತ್ತಿದ್ದರೂ ಅದೇ ಚಿತ್ರದಲ್ಲಿ ಅಂಚಿನಿಂದ ಒಳಕ್ಕೆ ಮಂಜಿನಂತೆ ಕಾಣುತ್ತದೆ. ಒಂದೇ ಪಿಕ್ಸೆಲ್ ಥಟ್ಟನೆ ಉರಿದು ಮುಂದಿನ ಚಿತ್ರದಲ್ಲಿ ಮಾಯವಾದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಆಕಾಶದಿಂದ ಬಂದ ಕಾಸ್ಮಿಕ್ ಕಿರಣ.

ಸಮುದ್ರಜೀವಿ ರೆನಿಲ್ಲಾದ ಲೂಸಿಫೆರೇಸ್ ಬಳಸುವವರಿಗೆ ಹಿನ್ನೆಲೆ ಹುಟ್ಟುಗುಣವೇ ಸರಿ. ಅದರ ಸಬ್‌ಸ್ಟ್ರೇಟ್ ಕೋಲೆಂಟೆರಾಜಿನ್ ರಕ್ತದ್ರವದಲ್ಲಿ ತಾನಾಗಿಯೇ ಉರಿಯುತ್ತದೆ. ಲೂಸಿಫೆರೇಸ್ ಇಲ್ಲದ ಇಲಿಗೂ ಅದೇ ಡೋಸ್ ಕೊಟ್ಟು, ಆ ಬೆಳಕನ್ನು ಕಳೆಯದೆ ಲೆಕ್ಕ ಮಾಡಬೇಡಿ.

ಔಷಧವೇ ದೀಪದ ಜೊತೆ ಆಡಿದಾಗ

ಎಲ್ಲ ಸರಿಯಿದೆ, ಔಷಧ ಕೊಟ್ಟ ಗುಂಪು ಮೂರು ಪಟ್ಟು ಬೆಳಗುತ್ತಿದೆ. ಇದೇ ಅಪಾಯದ ಘಳಿಗೆ, ಯಾಕೆಂದರೆ ಬೇಕಾದ ಉತ್ತರ ಬಂದಾಗ ಯಾರೂ ದೋಷ ಹುಡುಕುವುದಿಲ್ಲ.

ಡಿ-ಲೂಸಿಫೆರಿನ್ ಅನ್ನು ಜೀವಕೋಶದಿಂದ ಹೊರದಬ್ಬುವ ಪಂಪ್ ಒಂದಿದೆ, ಹೆಸರು ಎಬಿಸಿಜಿ2. ಔಷಧಗಳನ್ನು ಹೊರಹಾಕುವುದೂ ಇದೇ. ನಿಮ್ಮ ಔಷಧ ಈ ಪಂಪನ್ನು ತಡೆದರೆ ಲೂಸಿಫೆರಿನ್ ಒಳಗೇ ಉಳಿದು ಬೆಳಕು ಏರುತ್ತದೆ. ಕ್ಯಾಸ್ಪೇಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಔಷಧ ಲೂಸಿಫೆರೇಸ್‌ಗೇ ಅಂಟಿಕೊಂಡರೆ ಇನ್ನೂ ವಿಚಿತ್ರ. 2007ರಲ್ಲಿ ಸುದ್ದಿಯಾದ ಅಟಾಲುರೆನ್ ಎಂಬ ಔಷಧವನ್ನು ಮಿಂಚುಹುಳದ ಲೂಸಿಫೆರೇಸ್ ಬಳಸಿಯೇ ಹುಡುಕಿದ್ದರು. ಬೆಳಕು ಹೆಚ್ಚಾಯಿತು, ಆದ್ದರಿಂದ ಜೀನಿನ ತಪ್ಪು ಪೂರ್ಣವಿರಾಮವನ್ನು ಇದು ದಾಟಿಸುತ್ತದೆ ಎಂಬ ತರ್ಕ. 2009ರಲ್ಲಿ ಬೇರೊಂದು ತಂಡ ಈ ಅಣು ನೇರವಾಗಿ ಲೂಸಿಫೆರೇಸನ್ನೇ ಹಿಡಿಯುತ್ತದೆ, ಹಿಡಿದು ಅದು ಕೊಳೆಯದಂತೆ ಕಾಪಾಡುತ್ತದೆ ಎಂದು ತೋರಿಸಿತು. ತಡೆಯುವ ವಸ್ತುವೇ ಬೆಳಕು ಹೆಚ್ಚಿಸಿತು! ಆ ಔಷಧದ ಬಗ್ಗೆ ವಾದ ಇನ್ನೂ ಬೇರೆ ಬೇರೆ ದಾರಿಯಲ್ಲಿ ಸಾಗಿದೆ, ಅದು ನಮಗೆ ಬೇಡ. ನಮಗೆ ಬೇಕಾದದ್ದು ಇಷ್ಟೇ: ಶುದ್ಧ ಲೂಸಿಫೆರೇಸ್, ಬೀಗವಿಲ್ಲದ ಲೂಸಿಫೆರಿನ್, ಜೊತೆಗೆ ನಿಮ್ಮ ಔಷಧ ಹಾಕಿ ಒಮ್ಮೆ ನೋಡಿ. ಬೆಳಕು ಅಲುಗಬಾರದು.

ಅರಿವಳಿಕೆಯೂ ಒಂದು ಔಷಧವೇ ಅಲ್ವಾ? ಐಸೋಫ್ಲುರೇನ್‌ನಂಥ ಅರಿವಳಿಕೆಗಳು ಲೂಸಿಫೆರೇಸನ್ನು ತಡೆಯುತ್ತವೆ. ಅರಿವಳಿಕೆ ಪ್ರೋಟೀನಿಗೆ ಹೇಗೆ ಅಂಟುತ್ತದೆ ಎಂದು ತಿಳಿಯಲು 1980ರ ದಶಕದಲ್ಲೇ ಲೂಸಿಫೆರೇಸನ್ನು ಮಾದರಿಯಾಗಿ ಬಳಸಿದ್ದರು. ಬಿಡಲಾಗದ ವಸ್ತು, ಆದ್ದರಿಂದ ಎಲ್ಲ ಇಲಿಗೂ ಒಂದೇ ಪ್ರಮಾಣ, ಒಂದೇ ಅವಧಿ. ಅರಿವಳಿಕೆಯಲ್ಲಿ ಮೈ ಬೇಗ ತಣ್ಣಗಾಗುತ್ತದೆ. ಬಿಸಿ ಹಲಗೆ ಕೆಟ್ಟಿದ್ದರೆ ಕಿಣ್ವಗಳೆಲ್ಲ ನಿಧಾನವಾಗುತ್ತವೆ, ಬೆಳಕಿನ ಬಣ್ಣವೂ ಬದಲಾಗುತ್ತದೆ. ಲೂಸಿಫೆರೇಸ್ ಬೆಳಕು 25 ಡಿಗ್ರಿಯಲ್ಲಿ ಹಸಿರು-ಹಳದಿ, 37 ಡಿಗ್ರಿಯಲ್ಲಿ 610 ನ್ಯಾನೋಮೀಟರ್ ಆಸುಪಾಸಿನ ಕಿತ್ತಳೆ-ಕೆಂಪು. ಬಣ್ಣ ಬದಲಾದರೇನು ಎನ್ನಬೇಡಿ. 600ಕ್ಕಿಂತ ಕೆಳಗಿನ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ನುಂಗುತ್ತದೆ. ಇಲಿ ತಣ್ಣಗಾದಷ್ಟೂ ಹೊರಬರುವ ಬೆಳಕು ಕಡಿಮೆ.

ಮೈಯ ಆಳ, ಕೂದಲು, ಮತ್ತು ಬಣ್ಣದ ಪಟ್ಟಿ

ಬೆಳಕು ಒಂದು ಸೆಂಟಿಮೀಟರ್ ಅಂಗಾಂಶ ದಾಟುವಷ್ಟರಲ್ಲಿ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಚರ್ಮದ ಕೆಳಗಿನ ಗಡ್ಡೆಯನ್ನೂ ಯಕೃತ್ತಿನೊಳಗಿನ ಗಡ್ಡೆಯನ್ನೂ ನೇರವಾಗಿ ಹೋಲಿಸಬೇಡಿ. ಅದೇ ಇಲಿಯ ಅದೇ ಜಾಗವನ್ನು ದಿನದಿಂದ ದಿನಕ್ಕೆ ಹೋಲಿಸಿ. ಇಲಿಯನ್ನು ಮಗ್ಗುಲಾಗಿಯೂ ಬೆನ್ನ ಮೇಲೂ ಮಲಗಿಸಿ ನೋಡಿ, ಬೆಳಕು ಕೆಳಗಡೆ ಹೊರಡುತ್ತಿರಬಹುದು. ಕಪ್ಪು ಇಲಿಯಾದರೆ ಕೂದಲು ತೆಗೆಯಲೇಬೇಕು. ತೆಗೆದ ಮೇಲೂ ಕೂದಲು ಮತ್ತೆ ಹುಟ್ಟುವ ಹೊತ್ತಿಗೆ ಚರ್ಮದಲ್ಲೇ ಕಪ್ಪು ಮಚ್ಚೆಗಳು ಏಳುತ್ತವೆ. ಆ ಮಚ್ಚೆಯ ಆಕಾರದಲ್ಲೇ ಚಿತ್ರದಲ್ಲಿ ಕತ್ತಲು ಬಿದ್ದಿದ್ದರೆ ದೂರು ಕಿಣ್ವದ ಮೇಲಲ್ಲ.

ಆಳದಲ್ಲಿರುವ ಅಂಗಕ್ಕೆ ಅಕಲುಮಿನ್ ಎಂಬ ಸಬ್‌ಸ್ಟ್ರೇಟ್ ಮತ್ತು ಅಕಲುಕ್ ಎಂಬ ಲೂಸಿಫೆರೇಸ್ ಜೋಡಿಯಂಥ, ಇನ್ನೂ ಕೆಂಪಾದ ಬೆಳಕಿನ ವ್ಯವಸ್ಥೆಗಳಿವೆ. ಅಲ್ಲೂ ಯಕೃತ್ತಿನಲ್ಲಿ ಹಿನ್ನೆಲೆ ಬೆಳಕು ಕಾಣುವುದುಂಟು. ಗಡ್ಡೆ ಯಕೃತ್ತಿನ ಬಳಿ ಇದ್ದರೆ ಮೊದಲೇ ಯೋಚಿಸಿ.

ಬಣ್ಣದ ಪಟ್ಟಿಯ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ತಂತ್ರಾಂಶ ಪ್ರತಿ ಚಿತ್ರಕ್ಕೂ ತಾನೇ ಅಳತೆ ಹೊಂದಿಸಿಕೊಳ್ಳುತ್ತದೆ. ಮಂಕಾದ ಇಲಿಯೂ ಕೆಂಪಾಗಿ ಕಾಣುತ್ತದೆ, ಹೊಳೆಯುವ ಇಲಿಯೂ ಕೆಂಪಾಗಿ ಕಾಣುತ್ತದೆ. ಎಲ್ಲ ಚಿತ್ರಕ್ಕೂ ಒಂದೇ ಕನಿಷ್ಠ, ಒಂದೇ ಗರಿಷ್ಠ ಇಟ್ಟು ಮತ್ತೆ ನೋಡಿದಾಗ ಅರ್ಧ "ದೋಷ"ಗಳು ಇಲ್ಲವಾಗುತ್ತವೆ. ಎಕ್ಸ್‌ಪೋಶರ್ ಬದಲಾದ ಚಿತ್ರಗಳನ್ನು ಕ್ಯಾಮೆರಾದ ಕಚ್ಚಾ ಎಣಿಕೆಯಾದ ಕೌಂಟ್‌ಗಳಲ್ಲಿ ಹೋಲಿಸಬೇಡಿ, ಫೋಟಾನ್ ಲೆಕ್ಕಕ್ಕೆ ತಿರುಗಿಸಿ. 16 ಬಿಟ್ ಕ್ಯಾಮೆರಾದಲ್ಲಿ ಯಾವುದಾದರೂ ಪಿಕ್ಸೆಲ್ 65,535 ಮುಟ್ಟಿದ್ದರೆ ಅದು ತುಂಬಿ ಚೆಲ್ಲಿದೆ. ಆ ಚಿತ್ರದಿಂದ ಸಂಖ್ಯೆ ತೆಗೆಯಬೇಡಿ, ಎಕ್ಸ್‌ಪೋಶರ್ ಇಳಿಸಿ ಮತ್ತೆ ತೆಗೆಯಿರಿ.

ಕೊನೆಗೂ ಕಿಣ್ವದ ಸರದಿ

ಪೆಟ್ಟಿಗೆ ಸರಿ, ಸೀಸೆ ಸರಿ, ಸೂಜಿ ಸರಿ, ಜೀವಕೋಶ ಬೆಳಗುತ್ತಿದೆ, ಗಡಿಯಾರ ನೋಡಿದ್ದಾಯಿತು, ಔಷಧ ದೀಪವನ್ನು ಮುಟ್ಟುತ್ತಿಲ್ಲ. ಆದರೂ ಬೀಗದ ಬೆಳಕನ್ನು ಬೀಗವಿಲ್ಲದ ಬೆಳಕಿನಿಂದ ಭಾಗಿಸಿದಾಗ ಬರುವ ಸಂಖ್ಯೆ ಏರಿಲ್ಲ. ಈಗ ಕಿಣ್ವವನ್ನು ಪ್ರಶ್ನಿಸಬಹುದು. ಪ್ರಶ್ನೆ ಮಾತ್ರ ಬೆಳಕಿನ ಭಾಷೆಯಲ್ಲಿ ಬೇಡ. ಅಧ್ಯಯನದ ಕೊನೆಗೆ ತೆಗೆದ ಗಡ್ಡೆಯಲ್ಲಿ ಕತ್ತರಿಸಿದ, ಅಂದರೆ ಚುರುಕಾದ, ಕ್ಯಾಸ್ಪೇಸ್-3 ಇದೆಯೇ ಎಂದು ಪ್ರತಿಕಾಯ ಹಾಕಿ ಬಣ್ಣ ಕಟ್ಟಿ ನೋಡಿ.

ತೆಗೆದ ಗಡ್ಡೆಯನ್ನು ಬೆಳಕಿನಲ್ಲೂ ನೋಡುವ ಆಸೆಯಿದ್ದರೆ ಆತುರ ಬೇಕು. ರಕ್ತ ನಿಂತ ಕ್ಷಣದಿಂದ ಎಟಿಪಿ ಇಳಿಯಲು ಶುರು. ಪೆಟ್ಟಿಗೆಯನ್ನು ಮೊದಲೇ ಸಿದ್ಧ ಮಾಡಿ, ಕತ್ತರಿ, ತಟ್ಟೆ, ಲೂಸಿಫೆರಿನ್ ದ್ರಾವಣ ಪಕ್ಕದಲ್ಲೇ ಇಟ್ಟುಕೊಳ್ಳಿ. ಇಬ್ಬರಿದ್ದರೆ ಒಳ್ಳೆಯದು: ಒಬ್ಬರು ತೆಗೆಯಲು, ಒಬ್ಬರು ಗಡಿಯಾರ ನೋಡಿ ಬರೆದಿಡಲು. ಎಲ್ಲ ಗಡ್ಡೆಗೂ ಒಂದೇ ನಿಮಿಷಕ್ಕೆ ಚಿತ್ರ ಬರಲಿ. ಮೊದಲ ಇಲಿಗೆ ಐದು ನಿಮಿಷ, ಕೊನೆಯ ಇಲಿಗೆ ಇಪ್ಪತ್ತು ನಿಮಿಷ ಹಿಡಿದರೆ ಕೊನೆಯದು ಕಪ್ಪಾಗಿರುತ್ತದೆ. ಅದಕ್ಕೆ ಮತ್ತೆ ಕ್ಯಾಸ್ಪೇಸನ್ನು ದೂರಬೇಡಿ.